ನಮ್ಮ ಕಡೆಯವರಂತೆ

ನಾನು ಆನೆಗೆ ಹೆದರಿ ಕೆಲಸ ಬಿಟ್ಟೆ ಎಂಬುದು ಮೂಡಿಗೆರೆಯಿಂದ ಕಳಸದವರೆಗೆ ಈಗ ಎಲ್ಲರೂ ಒಪ್ಪಿಕೊಂಡಿರುವ ಇತಿಹಾಸ. ಬಾಳೂರಿನ ಹತ್ತಿರ ಒಂಟಿ ಸಲಗ ನನ್ನ ಸ್ಕೂಟರನ್ನು ಅಟ್ಟಿಸಿಕೊಂಡು ಬಂತಂತೆ. ನಾನು ಸ್ಕೂಟರ್ ಬಿಸಾಡಿ ಕಾಫಿ ಗಿಡಗಳ ಸಂದಿಯಲ್ಲಿ ಓಡಿದೆನಂತೆ. ಮಾರನೆಯ ದಿನವೇ ರಾಜೀನಾಮೆ ಕೊಟ್ಟೆನಂತೆ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಪಕ್ಕದ ಮೇಜಿನವರೊಬ್ಬರು, ನಾನು ಯಾರೆಂದು ಗೊತ್ತಿಲ್ಲದೆ, ಇದನ್ನೆಲ್ಲ ನನಗೇ ಹೇಳಿದರು. "ಪಾಪ, ಆ ಹುಡುಗಿ ಈಗ್ಲೂ ಆನೆ ಚಿತ್ರ ನೋಡಿದ್ರೆ ನಡುಗ್ತಾಳಂತೆ" ಎಂದೂ ಸೇರಿಸಿದರು. ಅವರ ಬೆನ್ನ ಹಿಂದಿನ ಕ್ಯಾಲೆಂಡರಿನಲ್ಲಿ ಗಣಪತಿ ಇದ್ದ. ನಾನು ಅವನನ್ನೇ ನೋಡುತ್ತ ನೀರುದೋಸೆ ಮುಗಿಸಿದೆ.

ಈ ವಾದವನ್ನು ನಾನು ಖಂಡಿಸುತ್ತೇನೆ. ಮೊದಲನೆಯದಾಗಿ, ಆ ಆನೆ ನನ್ನನ್ನು ನೋಡಲೇ ಇಲ್ಲ. ಎರಡನೆಯದಾಗಿ, ಆ ಹೊತ್ತಿನಲ್ಲಿ ನಾನು ಓಡುತ್ತಿರಲಿಲ್ಲ, ಕೂತು ಹಲಸಿನಹಣ್ಣಿನ ಕಡುಬು ತಿನ್ನುತ್ತಿದ್ದೆ. ಮೂರನೆಯದೇ ಮುಖ್ಯ: ನನ್ನ ಕೆಲಸ ಹೋದದ್ದು ಆನೆಯಿಂದಲ್ಲ, ಅಡುಗೆಮನೆಯಲ್ಲಿ ಒಬ್ಬ ತಾಯಿ ಕೇಳಿದ ಒಂದು ಪ್ರಶ್ನೆಯಿಂದ.

ಇಪ್ಪತ್ತೆಂಟಕ್ಕೆ ಯಾರಾದರೂ ನಿವೃತ್ತಿಯ ನೆನಪು ಬರೆಯುತ್ತಾರೆಯೇ ಎಂದು ನನ್ನ ಅಪ್ಪ ಕೇಳಿದರು. ನಿವೃತ್ತಿ ಎಂದರೆ ವೃತ್ತಿ ನಿಲ್ಲುವುದು, ಕೂದಲು ನೆರೆಯುವುದು ಅಲ್ಲ. ನಿಂತಿದೆ, ಬರೆಯುತ್ತೇನೆ. ಅಲ್ಲದೆ ನನ್ನ ಜಾಗಕ್ಕೆ ಈಗ ಬಂದಿರುವ ಹುಡುಗಿ ಫೋನ್ ಮಾಡಿ, "ಅಕ್ಕ, ಏನಾದ್ರೂ ಟಿಪ್ಸ್ ಇದ್ರೆ ಹೇಳಿ" ಎಂದಿದ್ದಾಳೆ. ಅವಳಿಗೂ, ಅವಳಂತೆ ಈ ಕೆಲಸಕ್ಕೆ ಸೇರುವ ಬೇರೆಯವರಿಗೂ ಇದು.

ಕೆಲಸದ ಹೆಸರು ಅಡ್ಮಿಷನ್ ಕೌನ್ಸೆಲರ್. ಕಾಲೇಜು ಬೆಂಗಳೂರಿನಲ್ಲಿ. ಆಫೀಸು ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡ್ ಹತ್ತಿರ, ಒಂದು ಬೇಕರಿಯ ಮಹಡಿಯಲ್ಲಿ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಿಗೆ ಹೋಗಿ, ಮಹಾನಗರದ ಕಾಲೇಜಿನಲ್ಲಿ ಓದುವುದರ ಪ್ರಯೋಜನ ಏನು, ಸುರಕ್ಷತೆ ಎಷ್ಟು ಎಂದು ಅಪ್ಪ ಅಮ್ಮಂದಿರಿಗೆ ಮನವರಿಕೆ ಮಾಡುವುದು ಕೆಲಸ. ನನಗೆ ಅದು ಸಿಕ್ಕಿದ್ದು ಚರ್ಚಾ ಸ್ಪರ್ಧೆಗಳಿಂದ. ಕಾಲೇಜಿನಲ್ಲಿದ್ದಾಗ 'ಮಹಾನಗರದ ಶಿಕ್ಷಣದಿಂದ ಯುವಜನರಿಗೆ ಒಳಿತೇ ಹೆಚ್ಚು' ಎಂಬ ವಿಷಯಕ್ಕೆ ಹಾಸನದಲ್ಲಿ ಪರವಾಗಿ ಮಾತಾಡಿ ಮೊದಲ ಬಹುಮಾನ ತಂದಿದ್ದೆ. ಅದೇ ವಿಷಯಕ್ಕೆ ಶಿವಮೊಗ್ಗದಲ್ಲಿ ವಿರೋಧವಾಗಿ ಮಾತಾಡಿ ಅಲ್ಲೂ ಮೊದಲ ಬಹುಮಾನ ತಂದಿದ್ದೆ. ಸಂದರ್ಶನದಲ್ಲಿ ಹಾಸನದ್ದನ್ನು ಮಾತ್ರ ಹೇಳಿದೆ.

ನಾನು ಬೆಂಗಳೂರಿನಲ್ಲಿ ಓದಿದವಳಲ್ಲ. ಸೀಟು ಸಿಕ್ಕಿತ್ತು, ಅಪ್ಪ ಬಿಡಲಿಲ್ಲ, ಚಿಕ್ಕಮಗಳೂರಿನಲ್ಲೇ ಬಿ.ಎ. ಮಾಡಿದೆ. ಮಹಾನಗರದ ನನ್ನ ಒಟ್ಟು ಅನುಭವ ಎಂದರೆ ಕಂಪನಿ ಕೊಟ್ಟ ಟ್ರೈನಿಂಗು, ಅದರಲ್ಲೂ ಅರ್ಧ ಹೊತ್ತು ಟ್ರಾಫಿಕ್ಕು. ಸಂದರ್ಶನದಲ್ಲಿ ಇದನ್ನು ಯಾರೂ ಕೇಳಲಿಲ್ಲ. ಸಮುದ್ರವನ್ನು ಹೊಗಳುವವನಿಗೆ ಈಜು ಬರುತ್ತದೆಯೇ ಎಂದು ಯಾರು ಕೇಳುತ್ತಾರೆ?

ನಮಗೆ ಚರ್ಚೆ ಕಲಿಸಿದ ಕನ್ನಡ ಮೇಷ್ಟ್ರು ಒಂದೇ ಒಂದು ಪದವನ್ನು ನಿಷೇಧಿಸಿದ್ದರು: 'ಅಂತೆ'. ಕನ್ನಡದಲ್ಲಿ ಯಾವ ಮಾತಿನ ಬಾಲಕ್ಕಾದರೂ 'ಅಂತೆ' ಸೇರಿಸಿದರೆ ಆಡಿದವನು ಪಾರು. ಬಂದನಂತೆ, ಹೋದಳಂತೆ, ಸತ್ತನಂತೆ, ಬದುಕಿದನಂತೆ. ಸುಳ್ಳಾದರೆ ನಾನಲ್ಲ, ನಿಜವಾದರೆ ಹೇಳಿದ್ದೆನಲ್ಲ. "ಅಂತೆ ಅಂದವರಿಗೆ ನನ್ನ ಹತ್ರ ಸೊನ್ನೆ" ಎನ್ನುತ್ತಿದ್ದರು ಮೇಷ್ಟ್ರು. ಕೆಲಸಕ್ಕೆ ಸೇರಿದ ವಾರದಲ್ಲೇ ನನಗೆ ಗೊತ್ತಾಯಿತು, ನಮ್ಮ ಕಾಲೇಜಿನ ಪುಸ್ತಿಕೆಯಿಂದ 'ಅಂತೆ'ಯನ್ನು ಕಿತ್ತರೆ ಉಳಿಯುವುದು ಮುಖಪುಟದ ಫೋಟೋ ಮಾತ್ರ. ಆ ಕಟ್ಟಡವೂ ಇನ್ನೂ ಮುಗಿದಿರಲಿಲ್ಲವಂತೆ.

ಮೊದಲ ಎಡವಟ್ಟು ಮೂಡಿಗೆರೆಯ ಆಚೆ ಒಂದು ದೊಡ್ಡ ಎಸ್ಟೇಟಿನ ಮನೆಯಲ್ಲಿ. ಬೆಂಗಳೂರಿನಿಂದ ನಮ್ಮನ್ನು ಆಳುತ್ತಿದ್ದ ಪ್ರದೀಪ್ ಸರ್ ಎಂಬ ಮೇಲಧಿಕಾರಿ, ಸುರಕ್ಷತೆ ಎಂದ ತಕ್ಷಣ ಸಿಸಿ ಕ್ಯಾಮೆರಾ ಎನ್ನಬೇಕೆಂದು ಕಲಿಸಿದ್ದರು. ಹುಡುಗಿಯ ತಂದೆ ಕಾಫಿ ಕೊಟ್ಟು, ಹಾಸ್ಟೆಲು ಹೇಗೆ ಎಂದರು. ನಾನು ಹಾಸನದ ವೇದಿಕೆಯ ದನಿಯಲ್ಲಿ, ಹಾಸ್ಟೆಲಿನ ಮೂಲೆ ಮೂಲೆಯಲ್ಲೂ ಕ್ಯಾಮೆರಾ ಇದೆ, ಕ್ಯಾಮೆರಾ ಕಣ್ಣಿಗೆ ಬೀಳದ ಜಾಗವೇ ಇಲ್ಲ ಎಂದೆ. ಆ ಮನುಷ್ಯ ಕಪ್ಪನ್ನು ಕೆಳಗಿಟ್ಟು ಮೆತ್ತಗೆ ಕೇಳಿದರು, "ಬಚ್ಚಲಲ್ಲೂ?"

ಆ ಹುಡುಗಿ ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಹೊಸಬರೇ, ವಾದದಲ್ಲಿ 'ಎಲ್ಲ', 'ಎಲ್ಲೂ', 'ಯಾವಾಗಲೂ' ಎಂಬ ಮಾತು ಬಳಸಬೇಡಿ.

ಪ್ರದೀಪ್ ಸರ್ ಬಗ್ಗೆ ಎರಡು ಮಾತು. ಅವರಿಗೆ ಬೆಂಗಳೂರಿನಿಂದ ಪಶ್ಚಿಮಕ್ಕಿರುವ ಹಸಿರೆಲ್ಲ ಕೊಡಗು. ಫೋನಿನಲ್ಲಿ, "ಕೂರ್ಗ್ ಟೀಮ್ ಹೇಗಿದೀರಾ?" ಎನ್ನುತ್ತಿದ್ದರು. ಟೀಮ್ ಎಂದರೆ ನಾನು ಮತ್ತು ನನ್ನ ಸ್ಕೂಟರು. ವರ್ಷಕ್ಕೊಂದು ಹೊಸ ವಿಧಾನ ತರುತ್ತಿದ್ದರು. ಒಂದು ವರ್ಷ ಮನೆಮನೆ ಭೇಟಿ, ಮರುವರ್ಷ ಭೇಟಿ ಬೇಡ, ಬರೀ ಫೋನು. ಕಳಸದ ಕಡೆ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು ಎಂದು ಹೇಳಿದ್ದಕ್ಕೆ, ಗುಡ್ಡ ಹತ್ತಿದವರಿಗೆ ಮಾಡಿ ಎಂದರು. ಅದರ ಮರುವರ್ಷ ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಡಬ್ಬಿ ಕಳಿಸಿದರು. ಅದರೊಳಗೆ ಹಾಸ್ಟೆಲೆಲ್ಲ ಸುತ್ತಾಡಿದಂತೆ ಕಾಣುತ್ತದೆ. ಬಾಳೂರು ದಾರಿಯ ಒಂದು ಮನೆಯಲ್ಲಿ ಅಜ್ಜಿಗೆ ಕಟ್ಟಿದೆ. ಅಜ್ಜಿ ಕೂತಲ್ಲೇ ಹಾಸ್ಟೆಲೆಲ್ಲ ತಿರುಗಿದರು, ಮಂಚ ನೋಡಿದರು, ಮೆಸ್ಸು ನೋಡಿದರು. ಡಬ್ಬಿ ಬಿಚ್ಚಿ, "ಚೆನ್ನಾಗುಂಟು, ಆದ್ರೆ ಒಬ್ರೂ ಮಾತಾಡ್ಸಲಿಲ್ಲ" ಎಂದರು. ಮೊಮ್ಮಗಳನ್ನು ಕಳಿಸಲಿಲ್ಲ.

ಆ ಅಜ್ಜಿಯ ಮಾತಿನಿಂದ ನನಗೆ ಈ ಕಸುಬಿನ ಗುಟ್ಟು ಹೊಳೆಯಿತು. ನಮ್ಮ ಜನ ಪುಸ್ತಿಕೆ ಓದುವುದಿಲ್ಲ, ಕ್ಯಾಮೆರಾ ನಂಬುವುದಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ನಮ್ ಕಡೆಯೋರು ಯಾರಿದಾರೆ?" ನಮ್ಮ ಕಡೆ ಎಂಬುದರ ಗಡಿ ಅವರವರ ಅಂಜಿಕೆಗೆ ತಕ್ಕಂತೆ ಹಿಗ್ಗುತ್ತದೆ. ಚಿಕ್ಕಮಗಳೂರಿನಲ್ಲಿ ನಿಂತರೆ ಬಾಳೂರು ನಮ್ಮ ಕಡೆ. ಬೆಂಗಳೂರಿನಲ್ಲಿ ನಿಂತರೆ ತೀರ್ಥಹಳ್ಳಿಯೂ ನಮ್ಮ ಕಡೆ. ನಾನು ಹುಡುಕಲು ಶುರುಮಾಡಿದೆ. ಕ್ಯಾಂಟೀನಿನ ಅಡುಗೆಯವರು ಕಳಸದ ಹತ್ತಿರದವರು ಎಂದು ಗೊತ್ತಾಯಿತು. ಗೇಟಿನ ಸೆಕ್ಯುರಿಟಿಯವರು ಮೂಡಿಗೆರೆಯವರು. ಹಾಸ್ಟೆಲಿನ ವಾರ್ಡನ್ ಶೃಂಗೇರಿಯ ಸೊಸೆ. ಕ್ಯಾಮೆರಾ ಸಾಯಲಿ ಎಂದು ಬಿಟ್ಟು ಈ ಮೂವರನ್ನು ಮನೆಮನೆಗೆ ಹೊತ್ತುಕೊಂಡು ಹೋದೆ. ಸೀಟುಗಳು ತುಂಬಿದವು. ಪ್ರದೀಪ್ ಸರ್ ಮೀಟಿಂಗಿನಲ್ಲಿ ಕೂರ್ಗ್ ಟೀಮಿಗೆ ಚಪ್ಪಾಳೆ ತಟ್ಟಿಸಿದರಂತೆ.

ಎರಡನೆಯ ಎಡವಟ್ಟು ಇದರಿಂದಲೇ. ಕಳಸದ ಅರ್ಚಕರೊಬ್ಬರ ಮಗ ಶ್ರೀವತ್ಸ ಎಂಬವನನ್ನು, ಅಡುಗೆಯವರು ನಮ್ಮ ಕಡೆಯವರು ಎಂಬ ಒಂದೇ ಮಾತಿನ ಮೇಲೆ ಸೇರಿಸಿದ್ದೆ. ಕಾಲೇಜು ಶುರುವಾಗಿ ಇನ್ನೂ ಪುಸ್ತಕಕ್ಕೆ ರಟ್ಟು ಹಾಕಿರಲಿಲ್ಲ, ಅರ್ಚಕರ ಫೋನು ಬಂತು. ಮಗ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿಂದನಂತೆ. ಅದೂ ಎರಡು. ಬೆಳಿಗ್ಗೆ ತಿಂದದ್ದು ಮಹಾಮಂಗಳಾರತಿಯೊಳಗೆ ಕಳಸ ಮುಟ್ಟಿತ್ತು. ಸುದ್ದಿ ಮುಟ್ಟಿಸಿದವರು, ನಾನು ಸುರಕ್ಷತೆಗೆ ಅಂತ ತೋರಿಸಿದ್ದ ಅದೇ ಅಡುಗೆಯವರು. ಹುಯ್ದು ಕೊಟ್ಟವರೂ ಅವರೇ. ಅರ್ಚಕರು ಬೈಯಲಿಲ್ಲ. "ಪ್ರಯೋಜನ ಅಂದಿದ್ರಲ್ಲಮ್ಮ, ಇದೇನಾ?" ಎಂದು ವಿಚಾರಿಸಿದರು, ಅಷ್ಟೆ. ಸಂಜೆ ಹುಡುಗನ ಮೆಸೇಜು ಬಂತು: "ಅಕ್ಕ, ನೀವು ನನ್ನ ಬೆಂಗಳೂರಿಗೆ ಕಳ್ಸಿದ್ರೋ, ಬೆಂಗಳೂರಲ್ಲೇ ಇರೋ ಕಳಸಕ್ಕೆ ಕಳ್ಸಿದ್ರೋ?"

ನಕ್ಕುಬಿಟ್ಟೆ, ಆಮೇಲೆ ಪುಸ್ತಿಕೆ ತೆಗೆದು ಮತ್ತೊಮ್ಮೆ ನೋಡಿದೆ. ನಮ್ಮ ಪುಸ್ತಿಕೆಯಲ್ಲಿ ಎಡಗಡೆಯ ಪುಟ 'ಪ್ರಯೋಜನಗಳು', ಬಲಗಡೆಯ ಪುಟ 'ಸುರಕ್ಷತೆ'. ಅಕ್ಕಪಕ್ಕ ನಗುತ್ತ ಕೂತಿವೆ. ಚರ್ಚೆಯಲ್ಲಿ ಪಳಗಿದವರು ನೋಡಿದರೆ ಅವು ಜೊತೆಗಾರರಲ್ಲ, ಎದುರಾಳಿಗಳು. ದೊಡ್ಡ ಊರಿನ ದೊಡ್ಡ ಲಾಭ ಏನು? ಅಲ್ಲಿ ನಮ್ಮನ್ನು ಬಲ್ಲವರಿಲ್ಲ. ದೊಡ್ಡ ಊರಿನ ದೊಡ್ಡ ಭಯ ಏನು? ಅಲ್ಲಿ ನಮ್ಮನ್ನು ಬಲ್ಲವರಿಲ್ಲ. ಎರಡೂ ಒಂದೇ ವಾಕ್ಯ. ಅಪ್ಪ ಅಮ್ಮ ಅದನ್ನು ಬಲಗಡೆಯ ಪುಟದಲ್ಲಿ ಓದುತ್ತಾರೆ, ಮಕ್ಕಳು ಎಡಗಡೆಯ ಪುಟದಲ್ಲಿ. ಕೌನ್ಸೆಲರ್ ನಡುವಿನ ಪಿನ್ನು.

ಇನ್ನು ಬಾಳೂರಿನ ಕತೆಗೆ ಬರುತ್ತೇನೆ.

ಬಾಳೂರಿನಿಂದ ಒಳಗೆ, ಜೀಪುಗಳೇ ಓಡಾಡುವ ಮಣ್ಣುದಾರಿಯಲ್ಲಿ ಮಂಜಣ್ಣ ಎಂಬವರ ಮನೆ. ಸಣ್ಣ ಕಾಫಿ ತೋಟ. ಹೆಂಡತಿ ಸುಮಿತ್ರಕ್ಕ. ಮಗಳು ಪ್ರಾರ್ಥನಾ. ಅವಳಿಗೆ ಬೆಂಗಳೂರಿಗೆ ಹೋಗಿ ಇಂಟೀರಿಯರ್ ಡಿಸೈನ್ ಓದಬೇಕು. ಆಫೀಸಿಗೆ ಫೋನ್ ಮಾಡಿ ನನ್ನನ್ನು ಕರೆಸಿದ್ದು ಅವಳೇ. ಆದರೆ ಆ ಮನೆಯಲ್ಲಿ ತೀರ್ಮಾನ ಮಂಜಣ್ಣನದ್ದಲ್ಲ. ಬೇಲಿಯಾಚೆಯ ಮನೆಯಲ್ಲಿರುವ ಅಣ್ಣ, ಅಂದರೆ ಹುಡುಗಿಯ ದೊಡ್ಡಪ್ಪ, ನಾಗೇಗೌಡರದ್ದು. ಅವರು ಆಗಲೇ ಹತ್ತಿರದ ಊರಿನಲ್ಲಿ ಬಿ.ಕಾಂ. ಸೀಟು ನೋಡಿಟ್ಟಿದ್ದರು; ಜೊತೆಗೆ ಕೊಪ್ಪದ ಕಡೆಯ ಒಬ್ಬ ಹುಡುಗನನ್ನೂ. ಈ ಸಲ ಬೆಂಗಳೂರು ತಪ್ಪಿದರೆ ಮುಂದಿನ ವರ್ಷಕ್ಕೆ ಕೊಪ್ಪವೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುವಾಗಲೇ ಹುಡುಗಿ ಬಂದು ಪಿಸುಗುಟ್ಟಿದಳು:

"ಅಕ್ಕ, ನೀವು ಚರ್ಚೇಲಿ ಫಸ್ಟ್ ಬರ್ತಿದ್ರಂತಲ್ಲ. ದೊಡ್ಡಪ್ಪನ್ನ ಗೆಲ್ತೀರಲ್ಲ?"

ಗೆಲ್ಲುತ್ತೇನೆ ಎಂದೆ. ಎದುರಾಳಿಯನ್ನು ನಾನಿನ್ನೂ ನೋಡಿರಲಿಲ್ಲ.

ನಾಗೇಗೌಡರು ಬಂದರು. ಕೈಯಲ್ಲಿ ಪೇಪರು, ಅಪರಾಧದ ಪುಟಕ್ಕೇ ಮಡಚಿದ್ದು. ಕೂತರು, ಕನ್ನಡಕ ಹಾಕಿದರು, ಬೆಂಗಳೂರಿನ ಸರಗಳ್ಳತನ ಒಂದನ್ನು ಪೂರ್ತಿ ಓದಿದರು. ಪಕ್ಕದಲ್ಲಿ ಮಂಜಣ್ಣ, ಅಣ್ಣ ಓದುವಾಗ ತಲೆ ಆಡಿಸುವುದು ತಮ್ಮ ಪಾಲಿನ ಕೆಲಸ ಎಂಬಂತೆ ಆಡಿಸುತ್ತಿದ್ದರು. ಓದಿ ಮುಗಿದ ಮೇಲೆ ದೊಡ್ಡಪ್ಪ ಮೊದಲ ಬಾಣ ಬಿಟ್ಟರು.

"ಈ ಇಂಟೀರಿಯರ್ ಡಿಸೈನ್ ಅಂದ್ರೆ ಎಂತ?"

"ಮನೆ ಒಳಗೆಲ್ಲ ಚಂದ ಮಾಡೋದು ಸರ್."

"ಮನೆ ಒಳಗೆ ಚಂದ ಮಾಡೋಕೆ ಮನೆ ಬಿಟ್ಟು ಹೋಗ್ಬೇಕಾ?"

ಮಂಜಣ್ಣ ನಕ್ಕರು. ಒಳಗೆ ಅಡುಗೆಮನೆಯಲ್ಲೂ ಯಾರೋ ನಕ್ಕದ್ದು ಕೇಳಿಸಿತು. ನಾನು ಪಾಯಿಂಟು ಬಿಟ್ಟುಕೊಟ್ಟು ಸುರಕ್ಷತೆಗೆ ಬಂದೆ. ಪೇಪರಿನವರು ಬರೆಯುವುದು ಅಪರೂಪಕ್ಕೆ ಆಗುವುದನ್ನು. ದಿನಾ ಲಕ್ಷಾಂತರ ಹುಡುಗಿಯರು ಬೆಂಗಳೂರಿನಲ್ಲಿ ಕಾಲೇಜಿಗೆ ಹೋಗಿ ಸುಮ್ಮನೆ ವಾಪಸು ಬರುತ್ತಾರೆ, ಅದನ್ನು ಯಾರೂ ಬರೆಯುವುದಿಲ್ಲ ಎಂದೆ. ಒಪ್ಪಿದರು. ಒಪ್ಪಿ, ಹಾಗೆ ಬರೆಸಿಕೊಂಡ ಅಪರೂಪದ ಹುಡುಗಿಯೂ ಯಾರದೋ ಮನೆ ಮಗಳೇ ಅಲ್ಲವೇ ಎಂದರು. ನಾನೂ ಒಪ್ಪಬೇಕಾಯಿತು. ಆಗ ಬತ್ತಳಿಕೆಯ ಕೊನೆಯ ಅಸ್ತ್ರ ತೆಗೆದೆ. ನೋಡಿ, ನಿಮ್ಮ ಬೇಲಿ ಆಚೆ ಆನೆ ಓಡಾಡುತ್ತದೆ, ಪ್ರಾರ್ಥನಾ ಇಷ್ಟು ವರ್ಷ ಅದೇ ದಾರಿಯಲ್ಲಿ ಬಸ್ಸಿಗೆ ನಡೆದಿದ್ದಾಳೆ. ಬೆಂಗಳೂರಿನಲ್ಲಿ ಇನ್ನೇನಿದ್ದರೂ ಆನೆಯಂತೂ ಇಲ್ಲ ಎಂದೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅದೇ ಗಳಿಗೆಗೆ ಆ ಮನೆಯ ಫೋನುಗಳೆಲ್ಲ ಒಟ್ಟಿಗೆ ಟಿಂಗ್ ಎಂದವು. ಊರಿನ ಆನೆ ಗ್ರೂಪು. ಎರಡು ಆನೆ ಮೇಲಿನ ತೋಟದಿಂದ ರಸ್ತೆಗೆ ಇಳಿಯುತ್ತಿವೆ, ಯಾರೂ ಓಡಾಡಬೇಡಿ. ನಮ್ಮಲ್ಲಿ ಅಡ್ಮಿಷನ್ ಸೀಸನ್ನೂ ಹಲಸಿನ ಸೀಸನ್ನೂ ಒಂದೇ. ನಾನು ಸೀಟು ತುಂಬಿಸಲು ಬರುವ ಹೊತ್ತಿಗೆ ಅವು ಹೊಟ್ಟೆ ತುಂಬಿಸಲು ಬರುತ್ತವೆ. ಸಭೆಯ ನಡುವೆ ಸಾಕ್ಷಿಯೇ ನಡೆದು ಬಂದಷ್ಟು ಖುಷಿಯಾಗಿ ನಾನು, "ನೋಡಿದ್ರಾ ಸರ್?" ಎಂದೆ.

ದೊಡ್ಡಪ್ಪ ಮೆಸೇಜು ಓದಿ, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದಿಷ್ಟೂ ದನಿ ಏರಿಸದೆ ಹೇಳಿದರು:

"ನೋಡ್ದೆ. ಆನೆ ಬರೋಕೆ ಮುಂಚೆ ನಮ್ಗೆ ಮೆಸೇಜ್ ಬರುತ್ತೆ. ನಿಮ್ ಸಿಟೀಲಿ ಕೆಟ್ಟೋನು ಬರೋಕೆ ಮುಂಚೆ ಮೆಸೇಜ್ ಬರುತ್ತಾ ಮಾರಾಯ್ತಿ?"

ಹಾಸನದಲ್ಲಿ ಮೊದಲ ಬಹುಮಾನ, ಶಿವಮೊಗ್ಗದಲ್ಲಿ ಮೊದಲ ಬಹುಮಾನ. ಬಾಳೂರಿನಲ್ಲಿ ಸೊನ್ನೆ. ನನ್ನೊಳಗಿನ ತೀರ್ಪುಗಾರ್ತಿ ಅವರಿಗೆ ಪೂರ್ತಿ ಅಂಕ ಕೊಟ್ಟು ಕೂತುಬಿಟ್ಟಳು. ಮಂಜಣ್ಣ, "ಅಣ್ಣ ಹೇಳಿದ್ ಮೇಲೆ ಆಯ್ತಲ್ಲ" ಎಂದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಪ್ರಾರ್ಥನಾಳ ಮುಖ ಅಲ್ಲಿಂದ ಸರಿಯಿತು. ನಾನು ಎದ್ದು ಹೋಗೋಣವೆಂದರೆ ರಸ್ತೆಯಲ್ಲಿ ಆನೆ. ಸೋತವಳು ಗೆದ್ದವರ ಮನೆಯಲ್ಲೇ ಊಟಕ್ಕೆ ಕೂರಬೇಕಾದ ಸ್ಪರ್ಧೆ ಅದೊಂದೇ.

ಅಡುಗೆಮನೆಗೆ ಕೈ ತೊಳೆಯಲು ಹೋದೆ. ಸುಮಿತ್ರಕ್ಕ ಕಡುಬಿನ ಎಲೆ ಬಿಡಿಸುತ್ತಿದ್ದರು. ಮಣೆ ಕೊಟ್ಟು, ಒಂದು ಕಡುಬು ತುಪ್ಪದ ಜೊತೆ ಮುಂದಿಟ್ಟು, ನೀವು ಎಲ್ಲಿ ಓದಿದ್ದು ಎಂದರು. ಚಿಕ್ಕಮಗಳೂರು, ಅಪ್ಪ ಬಿಡಲಿಲ್ಲ ಎಂದೆ. ಈಗ ಹೀಗೆ ಒಬ್ಬರೇ ಸ್ಕೂಟರಿನಲ್ಲಿ ಕಾಡು ಸುತ್ತಲು ಬಿಡುತ್ತಾರಾ ಎಂದರು. ಸಂಬಳ ಬರುತ್ತದಲ್ಲ, ಬಿಡುತ್ತಾರೆ ಎಂದೆ. ಇಬ್ಬರೂ ನಕ್ಕೆವು. ನಾನು ಅಭ್ಯಾಸಬಲದಿಂದ ಶುರುಮಾಡಿದೆ: ಚಿಂತೆ ಬೇಡ ಅಕ್ಕ, ನಮ್ಮ ಕಾಲೇಜಿನಲ್ಲಿ ಅಡುಗೆಯವರು ಕಳಸದವರು, ಸೆಕ್ಯುರಿಟಿ ಮೂಡಿಗೆರೆಯವರು. ಅವರು ಎಲೆ ಬಿಡಿಸುವುದನ್ನು ನಿಲ್ಲಿಸಿದರು. ಹಜಾರದ ಕಡೆ ಒಮ್ಮೆ ನೋಡಿದರು.

"ಅದಲ್ಲ ಮೇಡಂ. ನಮ್ ಕಡೆಯೋರು ಯಾರೂ ಇಲ್ದೇ ಇರೋ ಕಾಲೇಜು ಬೆಂಗಳೂರಲ್ಲಿ ಯಾವ್ದಾದ್ರೂ ಇದ್ಯಾ?"

ಈ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವರೇ ವಿವರಿಸಿದರು. ಹಿಂದಿನ ವರ್ಷ ಪರೀಕ್ಷೆ ಮುಗಿದ ದಿನ ಪ್ರಾರ್ಥನಾ ಗೆಳತಿಯ ಜೊತೆ, ಕ್ಲಾಸಿನ ಇಬ್ಬರು ಹುಡುಗರೂ ಸೇರಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದಳು. ಅಷ್ಟೇ. ಅವಳು ಬಸ್ಸಿಳಿದು ಮನೆ ಮುಟ್ಟುವ ಮೊದಲೇ ಸುದ್ದಿ ಹೋಟೆಲಿನಿಂದ ಕಂಡಕ್ಟರಿಗೆ, ಕಂಡಕ್ಟರಿನಿಂದ ಜೀಪಿನವನಿಗೆ, ಜೀಪಿನವನಿಂದ ಭಾವ ನಾಗೇಗೌಡರಿಗೆ ಮುಟ್ಟಿತ್ತು. ಎಷ್ಟು ದೋಸೆ ಎಂಬುದೂ ಸೇರಿ. ಕೊಪ್ಪದ ಹುಡುಗನನ್ನು ನೋಡಲು ಶುರುಮಾಡಿದ್ದು ಅದಾದ ವಾರದಲ್ಲೇ.

"ಇಲ್ಲಿ ಎಲ್ರೂ ನಮ್ಮೋರೇ. ಎಲ್ರೂ ಒಳ್ಳೇರೇ. ಆದ್ರೆ ನನ್ ಮಗಳು ತಿಂದ ದೋಸೆನ ಯಾರೂ ಎಣಿಸ್ದೇ ಇರೋ ಊರಲ್ಲಿ ಅವಳು ಸ್ವಲ್ಪ ದಿನ ಇರ್ಲಿ ಅಂತ."

ಮತ್ತೆ ಎಲೆ ಬಿಡಿಸತೊಡಗಿದರು.

ಶ್ರೀವತ್ಸನ ಆಮ್ಲೆಟ್ಟು ನನ್ನ ಕಣ್ಣ ಮುಂದೆ ಬಂತು. ನಮ್ಮ ಕಾಲೇಜಿಗೆ ಇವಳನ್ನು ಕಳಿಸಿದರೆ ಮೊದಲ ಚಹಾದ ಸುದ್ದಿ ಕಳಸಕ್ಕೆ, ಎರಡನೆಯದರ ಸುದ್ದಿ ಬಾಳೂರಿಗೆ. ಆ ಏರ್ಪಾಡು ಮಾಡಿದವಳೇ ನಾನು. ಚರ್ಚಾ ಸ್ಪರ್ಧೆಗಳಲ್ಲಿ ನನ್ನನ್ನು ಯಾವಾಗಲೂ ಕಾಡುತ್ತಿದ್ದ ಒಬ್ಬ ಎದುರಾಳಿ ಇದ್ದಳು. ಅವಳು ಬೆಂಗಳೂರಿನ ಬೇರೊಂದು ಕಾಲೇಜಿನಲ್ಲಿ, ಹೆಂಗಸರದ್ದೇ ಹಳೆಯ ಹಾಸ್ಟೆಲಿನಲ್ಲಿದ್ದು ಇದೇ ಕೋರ್ಸು ಓದಿದ್ದಳು. ವರ್ಷಗಟ್ಟಲೆ ಅವಳ ಬಾಯಿಂದ ಆ ಜಾಗದ ಒಳ್ಳೆಯದು ಕೆಟ್ಟದ್ದು ಎರಡೂ ಕೇಳಿದ್ದೆ. ಅನ್ನ ಚೆನ್ನಾಗಿರುವುದಿಲ್ಲ. ನೀರು ಆಗಾಗ ನಿಲ್ಲುತ್ತದೆ. ಆದರೆ ಬಸ್‌ಸ್ಟಾಪು ಗೇಟಿನ ಎದುರಿಗೇ ಇದೆ, ಬರುವುದು ತಡವಾದರೆ ವಾಚ್‌ಮನ್ನಿನ ಹೆಂಡತಿ ಹೊರಗೆ ಬಂದು ನಿಲ್ಲುತ್ತಾಳೆ, ಹುಷಾರಿಲ್ಲವೆಂದರೆ ರೂಮಿನವರೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ನಮ್ಮ ಕಡೆಯವರು ಒಬ್ಬರೂ ಇಲ್ಲ. ಆ ಕಾಲೇಜಿನ ಹೆಸರು ಹೇಳಿದೆ. ಹೇಳುವಾಗ ನನಗೆ ಗೊತ್ತಿತ್ತು, ಇದು ನನ್ನ ಕೆಲಸಕ್ಕೆ ವಿರೋಧ ಪಕ್ಷದ ಭಾಷಣ.

ಇನ್ನೊಂದು ಮಾತೂ ಹೇಳಿದೆ, ಅದು ಯಾವ ಪುಸ್ತಿಕೆಯಲ್ಲೂ ಇಲ್ಲ. ಹೊಸಬರು ಬೇಕಾದರೆ ಇಟ್ಟುಕೊಳ್ಳಿ. ಹುಡುಗಿಗೆ ಹೆದರಿಕೆಯಾದಾಗ ಮೊದಲ ಫೋನು ಮನೆಗೆ ಮಾಡಬಲ್ಲಳೇ? ಮಾಡಿದರೆ ಮೊದಲ ಮಾತು ಬೈಗುಳವೇ? ಬೈಯುತ್ತಾರೆಂದು ಗೊತ್ತಿದ್ದರೆ ಅವಳು ಹೇಳುವುದಿಲ್ಲ. ಹೇಳದಿದ್ದ ಮೇಲೆ ಕ್ಯಾಮೆರಾ ಇದ್ದು ಏನು, ವಾರ್ಡನ್ ಇದ್ದು ಏನು? ಸುಮಿತ್ರಕ್ಕ, "ನಾನು ಬೈಯಲ್ಲ" ಎಂದರು. ಸ್ವಲ್ಪ ಯೋಚಿಸಿ, "ಆಮೇಲೆ ಬೈತೀನಿ, ಮೊದ್ಲು ಬೈಯಲ್ಲ" ಎಂದು ತಿದ್ದಿದರು. ಅದು ಪ್ರಾಮಾಣಿಕವಾಗಿತ್ತು.

ಊಟವಾಯಿತು. ಆನೆಗಳು ರಸ್ತೆ ದಾಟಿದವೆಂದು ಮೆಸೇಜು ಬಂತು. ದೊಡ್ಡಪ್ಪ ಏಳುವ ಹೊತ್ತಿಗೆ ಸುಮಿತ್ರಕ್ಕ ಕಾಫಿ ತಂದು, ಲೋಟ ಕೊಡುತ್ತ, ಹವಾಮಾನದ ವಿಷಯ ಹೇಳುವಂತೆ ಹೇಳಿದರು:

"ಭಾವ, ಇನ್ನೊಂದು ಕಾಲೇಜು ಇದೆಯಂತೆ. ಹಾಸ್ಟೆಲ್ ವಾರ್ಡನ್ ನಮ್ ಕಡೆಯೋರಂತೆ. ಕಳಸದ ಹತ್ರ ತವರುಮನೆಯಂತೆ."

ಒಂದೇ ಉಸಿರಿನಲ್ಲಿ ಮೂರು 'ಅಂತೆ'. ಮೇಷ್ಟ್ರು ಇದ್ದಿದ್ದರೆ ಮೂರ್ಛೆ ಹೋಗುತ್ತಿದ್ದರು. ಮೊದಲನೆಯದು ನಿಜ. ಉಳಿದೆರಡು ಆಗಷ್ಟೇ, ಒಲೆಯಿಂದ ಹಜಾರಕ್ಕೆ ಬರುವ ದಾರಿಯಲ್ಲಿ ಹುಟ್ಟಿದ್ದವು. ನಾಗೇಗೌಡರು ಲೋಟ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಹೌದಾ?"

ಎದುರು ಸುಮಿತ್ರಕ್ಕ, ತಟ್ಟೆ ಎದೆಗೆ ಒತ್ತಿಕೊಂಡು. ಬಾಗಿಲ ಸಂದಿಯಲ್ಲಿ ಮತ್ತೆ ಆ ಮುಖ. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಕೊಪ್ಪ. ನಾನು ಬಾಯಿ ತೆರೆದೆ. ಹೊರಬಿದ್ದದ್ದು, ನನಗೆ ಕಲಿಸಿದವರು ಜೀವಮಾನಕ್ಕೆ ನಿಷೇಧಿಸಿದ್ದ ಅದೇ ಪದ.

"ಹೌದಂತೆ."

ದೊಡ್ಡಪ್ಪ ಕಾಫಿ ಕುಡಿದು ಮುಗಿಸಿದರು. "ನೋಡುವ" ಎಂದಷ್ಟೇ ಹೇಳಿ ಬೇಲಿ ದಾಟಿ ಹೋದರು. ಮಾರನೆಯ ಬೆಳಿಗ್ಗೆ ನನಗೆ ಫೋನ್ ಮಾಡಿದರು: "ಹೋಗ್ಲಿ ಹುಡುಗಿ. ಆದ್ರೆ ವಾರ್ಡನ್ ಹತ್ರ ನೀವು ಮಾತಾಡ್ತಾ ಇರಿ. ನಾನು ನಿಮ್ಮತ್ರ ಕೇಳ್ತೀನಿ." ಪ್ರಾರ್ಥನಾ ಹೋದಳು.

ಪ್ರದೀಪ್ ಸರ್‌ಗೆ ಹೇಗೋ ಗೊತ್ತಾಯಿತು. ಖಚಿತವಾಗಿದ್ದ ಸೀಟೊಂದನ್ನು ಬೇರೆ ಕಾಲೇಜಿಗೆ ದಾನ ಮಾಡಿದ್ದೀರಂತಲ್ಲ ಎಂದರು. ಅಂತೆ ಅಲ್ಲ ಸರ್, ಮಾಡಿದ್ದೇನೆ ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಆಡಿದ ಅತ್ಯಂತ ಸ್ಪಷ್ಟವಾದ ವಾಕ್ಯ ಅದು, ಅದರಿಂದಲೇ ನೌಕರಿ ಮುಗಿಯಿತು. ಶಾಲು ಇಲ್ಲ, ಹಾರ ಇಲ್ಲ, ಬೇಕರಿಯವರು ಒಂದು ಪಫ್ಸ್ ಕೊಟ್ಟರು. ಕಾಲೇಜಿನ ಹೆಸರಿದ್ದ ಕೊಡೆಯನ್ನು ವಾಪಸು ಕೇಳಲು ಮರೆತರು. ಈಗಲೂ ಮಳೆಯಲ್ಲಿ ಅವರಿಗೆ ಪುಕ್ಕಟೆ ಪ್ರಚಾರ ನಡೆಯುತ್ತಿದೆ. ನಾನು ಈಗ ಹೈಸ್ಕೂಲು ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಆನೆ ಎಲ್ಲಿಂದ ಬಂತು ಎಂದರೆ, ಆ ದಿನ ಬಾಳೂರಿನಲ್ಲಿ ಆನೆ ಇತ್ತು, ನಾನೂ ಇದ್ದೆ, ಮುಂದಿನ ವಾರ ನನಗೆ ಕೆಲಸ ಇರಲಿಲ್ಲ. ಉಳಿದದ್ದನ್ನು ಕೊಟ್ಟಿಗೆಹಾರದ ಹೋಟೆಲು ಪೂರೈಸಿತು.

ಆದರೆ ಪೂರ್ತಿ ನಿವೃತ್ತಿ ಆಗಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಾಗೇಗೌಡರ ಫೋನು ಬರುತ್ತದೆ. ವಾರ್ಡನ್ ಎಂತ ಹೇಳಿದರು? ನಾನು ಹಿಂದಿನ ದಿನವೇ ಪ್ರಾರ್ಥನಾಳ ಹತ್ತಿರ ಮಾತಾಡಿಕೊಂಡಿರುತ್ತೇನೆ. ಅವಳ ನಿಜವಾದ ವಾರ್ಡನ್ ರಾಯಚೂರಿನವರು. ಕಳಸ ಎಂದರೆ ಪೂಜೆಗೆ ಇಡುವ ಕಳಸ ಎಂದೇ ತಿಳಿದಿದ್ದರು. ಒಂದು ಸಂಜೆ ಹುಡುಗಿ ತಪ್ಪು ಬಸ್ಸು ಹತ್ತಿ ಊರಿನ ಇನ್ನೊಂದು ತುದಿಗೆ ಹೋಗಿ, ಅಳುತ್ತ ಅಮ್ಮನಿಗೆ ಫೋನ್ ಮಾಡಿದ್ದಳು. ಸುಮಿತ್ರಕ್ಕ ಕೊಟ್ಟ ಮಾತಿನಂತೆ ಮೊದಲು ಬೈಯಲಿಲ್ಲ. ಮೆಡಿಕಲ್ ಶಾಪಿನ ದೀಪದ ಕೆಳಗೆ ನಿಲ್ಲು, ಮಕ್ಕಳನ್ನು ಕರೆದುಕೊಂಡು ಬಂದ ಹೆಂಗಸಿನ ಹತ್ತಿರ ಬಸ್ಸು ಕೇಳು ಎಂದರು. ರೂಮು ಮುಟ್ಟಿದ ಮೇಲೆ ಬೈದರು. ಆ ಭಾನುವಾರ ದೊಡ್ಡಪ್ಪನಿಗೆ ನಾನು, "ಚೆನ್ನಾಗಿದಾಳಂತೆ, ಬಸ್ಸೆಲ್ಲ ಅಭ್ಯಾಸ ಆಗಿದೆಯಂತೆ" ಎಂದೆ. ಎಷ್ಟೋ ತಿಂಗಳಾದ ಮೇಲೆ ನಾನೂ ಅವರನ್ನು ಸರ್ ಎನ್ನುವುದು ಬಿಟ್ಟು ದೊಡ್ಡಪ್ಪ ಎನ್ನತೊಡಗಿದ್ದೆ.

ಮೊನ್ನೆಯ ಭಾನುವಾರ ಹೊಸ ಪ್ರಶ್ನೆ ಬಂತು.

"ಅಲ್ಲ, ಆ ವಾರ್ಡನ್ ತವರುಮನೆ ಕಳಸದ ಹತ್ರ ಎಲ್ಲಿ ಅಂದಿದ್ರಿ?"

"ಅಲ್ಲೇ ಹತ್ರಾನೇ ಅಂತೆ ದೊಡ್ಡಪ್ಪ."

"ಹ್ಞೂಂ. ಅಲ್ಲಿ ನನ್ ಷಡ್ಡಕ ಇದಾನೆ. ವಿಚಾರಿಸ್ದೆ. ಸುತ್ತ ಎಲ್ಲೂ ಅಂಥ ಮನೆ ಇಲ್ವಂತೆ."

ನಾನು ಕಾಫಿ ಲೋಟ ಕೆಳಗಿಟ್ಟೆ. ಯಾವಾಗ ವಿಚಾರಿಸಿದಿರಿ ಎಂದು ಕೇಳಿದೆ.

"ಅವತ್ತೇ. ನಿಮ್ ಸ್ಕೂಟರ್ ಗೇಟ್ ದಾಟಿದ್ ಕೂಡ್ಲೇ. ಅದಿರ್ಲಿ, ಹುಡುಗಿ ಊಟ ಸರಿ ಮಾಡ್ತಾಳಂತಾ?"

ಮಾಡುತ್ತಾಳೆ ಎಂದೆ, ಅವರ ಹತ್ತಿರ ಮೊದಲ ಸಲ ಅಂತೆ ಸೇರಿಸಲಿಲ್ಲ. ಆ ಕಡೆ ಅವರ ಫೋನಿನಲ್ಲಿ ಆನೆ ಗ್ರೂಪಿನ ಟಿಂಗ್ ಕೇಳಿಸಿತು. ಇಡುತ್ತೇನೆ ಎಂದರು. ಇಡುವುದರೊಳಗೆ ಅವಸರದಲ್ಲಿ ಕೇಳಿಬಿಟ್ಟೆ:

"ಅವತ್ತೇ ಗೊತ್ತಿದ್ರೆ, ಮಾರನೇ ದಿನ ಬೆಳಿಗ್ಗೆ 'ಹೋಗ್ಲಿ' ಅಂದ್ರಲ್ಲ ದೊಡ್ಡಪ್ಪ, ಅದು ಯಾಕೆ?"

"ವಾರ್ಡನ್ ಅಲ್ದಿದ್ರೆ ಎಂತ, ನಮ್ ಕಡೆಯೋರು ನೀವಿದ್ರಲ್ಲ ಮಾರಾಯ್ತಿ" ಎಂದು ಫೋನ್ ಇಟ್ಟರು.